ಶಾಲು ಹೊದ್ದ ಚರಿತ್ರೆ

ನಮ್ಮೂರ ಕ್ರಿಕೆಟ್ ಸಂಘದ ಮುಂಬಯಿ ಸಮಿತಿಯವರು ಮೊನ್ನೆ ಡೊಂಬಿವಲಿಯಲ್ಲಿ ಬಿಡುಗಡೆ ಮಾಡಿದ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯ ಕುರಿತು ಈಗಾಗಲೇ ಬೇಕಾದಷ್ಟು ಮಾತಾಗಿದೆ. ಅಧ್ಯಕ್ಷರು ಬ್ಯಾಟನ್ನು ಹಿಂದುಮುಂದಾಗಿ ಹಿಡಿದು ನಿಂತ ಮುಖಪುಟವನ್ನು ನೋಡದವರಿಲ್ಲ. ಆದರೆ ಒಳಗಿರುವ ‘ಸಂಘ ನಡೆದು ಬಂದ ದಾರಿ’ ಎಂಬ ಲೇಖನವನ್ನು ಪೂರ್ತಿ ಓದಿದವರು ಪ್ರಾಯಶಃ ಇಬ್ಬರೇ: ಕರಡು ತಿದ್ದಿದವರು ಮತ್ತು ಕಲ್ಯಾಣ್ ಲೋಕಲಿನಲ್ಲಿ ಕೂರಲು ಜಾಗ ಸಿಗದ ನಾನು.

ಅದ್ಭುತವಾದ ದಾರಿ. ಉದ್ದಕ್ಕೂ ಶಾಲು, ಹಾರ, ಹಣ್ಣಿನ ಬುಟ್ಟಿಗಳು ಸಿಗುತ್ತವೆ. ಚೆಂಡು ಮಾತ್ರ ಒಮ್ಮೆಯೂ ಎದುರಾಗುವುದಿಲ್ಲ. ಯಾವ ವರ್ಷ ಯಾವ ಹೋಟೆಲು ಉದ್ಯಮಿಗಳು ದೀಪ ಬೆಳಗಿದರು, ಯಾರು ಟ್ರೋಫಿಯ ಪ್ರಾಯೋಜಕರಾದರು ಎಂಬುದೆಲ್ಲ ದಾಖಲಾಗಿದೆ. ಅನಿವಾರ್ಯ ಕಾರಣಗಳಿಂದ ಬಾರದಿದ್ದ ಮುಖ್ಯ ಅತಿಥಿಗಳ ಹೆಸರುಗಳೂ ಇವೆ. ಪಂದ್ಯವನ್ನು ಗೆದ್ದವರು ಯಾರೆಂಬ ಕ್ಷುಲ್ಲಕ ವಿವರಕ್ಕೆ ಸಂಪಾದಕ ಮಂಡಳಿ ಮನಸೋತಿಲ್ಲ.

ಸಂಪಾದಕೀಯವು ಕ್ರಿಕೆಟನ್ನು ‘ಸಭ್ಯರ ಆಟ’ ಎಂದು ಕರೆದಿದೆ. ಆ ಸಭ್ಯತೆಯ ಸೊಗಸನ್ನು ನಮ್ಮ ಧಾರವಾಡದಲ್ಲೇ 1876ರಲ್ಲಿ ಹುಟ್ಟಿದ ಪಾಲ್ವಣಕರ್ ಬಾಳೂ ಬಲ್ಲರು. ಪುಣೆಯಲ್ಲಿ ತಿಂಗಳಿಗೆ ಮೂರು ರೂಪಾಯಿ ಸಂಬಳಕ್ಕೆ ಪಿಚ್ ಗುಡಿಸಿ, ರೋಲರ್ ಎಳೆಯುತ್ತಿದ್ದ ಈ ದಲಿತ ಹುಡುಗ ಮುಂದೆ, ಧರ್ಮಕ್ಕೊಂದು ತಂಡವಿದ್ದ ಆ ಕಾಲದಲ್ಲಿ, ಹಿಂದೂ ತಂಡಕ್ಕೆ ಎಡಗೈ ಸ್ಪಿನ್ ಬೌಲರ್ ಆದಾಗ, ಅವರ ವಿಕೆಟ್ಟುಗಳನ್ನು ಸಂತೋಷದಿಂದ ಸ್ವೀಕರಿಸಿದ ಸಂಗಡಿಗರು ಚಹಾದ ಹೊತ್ತಿಗೆ ಪಿಂಗಾಣಿ ಬಟ್ಟಲು ಹಿಡಿದು ಒಳಗೆ ಕೂರುತ್ತಿದ್ದರು. ಬಾಳೂವಿಗೆ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ಅವರು 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತರು. ಹಿಂದೂ ತಂಡದ ನಾಯಕನ ಪಟ್ಟ ಮಾತ್ರ ಅವರಿಗೆ ದಕ್ಕಲೇ ಇಲ್ಲ. 1923ರಲ್ಲಿ ತಮ್ಮ ವಿಠ್ಠಲನಿಗೆ ಸಿಕ್ಕಿತು. ಮುಂಬಯಿಯ ಆಟದ ಚರಿತ್ರೆಯಲ್ಲಿ ಬಾಳೂವಿಗೆ ಒಂದಿಷ್ಟು ಜಾಗವಾದರೂ ಉಂಟು.

ನಮ್ಮೂರಿನವನಿಗೆ ಅದೂ ಇಲ್ಲ. ಸುಗ್ಗಿಯ ಕೊಯ್ಲು ಮುಗಿದ ಮೇಲೆ ಗದ್ದೆಯ ಕೂಳೆ ಕೆತ್ತಿ, ಕೊಡದಲ್ಲಿ ನೀರು ಹೊತ್ತು ತಂದು ಚಿಮುಕಿಸಿ, ಹಲಗೆಯಿಂದ ಬಡಿದು ಬಡಿದು ಪಿಚ್ ಸಮ ಮಾಡುತ್ತಿದ್ದವನು ಒಬ್ಬನೇ. ನಾವು ತೆಂಗಿನ ಕೊತ್ತಳಿಗೆಯ ಬ್ಯಾಟು ಬಿಟ್ಟು ಮರದ ಬ್ಯಾಟು ಹಿಡಿದೆವು, ಹುಣಿ ದಾಟಿದರೆ ನಾಲ್ಕು ಎಂದು ಎಣಿಸಿದೆವು, ಮುಂಬಯಿಗೆ ಬಂದು ಸಮಿತಿ ಕಟ್ಟಿದೆವು. ಅವನನ್ನು ಆಡಲು ಕರೆದ ನೆನಪು ನನಗಿಲ್ಲ, ನಾನೂ ಕರೆಯಲಿಲ್ಲ. ತಮಾಷೆಗೆಂದು ಬರೆಯಲು ಕುಳಿತೆ, ನಿಜಕ್ಕೂ ಸಾಕಾಗಿದೆ. ಜಾಹೀರಾತು ಕೊಟ್ಟ ಸೀರೆ ಅಂಗಡಿಗೆ ಒಂದು ಪುಟ, ಗದ್ದೆ ಮಾಡಿಕೊಟ್ಟವನಿಗೆ ಒಂದು ಸಾಲಿಲ್ಲ. ನಾಚಿಕೆಯಾಗಬೇಕು, ನಮಗೆಲ್ಲರಿಗೂ.

ಸಂಪಾದಕರಿಗೆ ಫೋನು ಮಾಡಿ ಕೇಳಿದೆ. “ಹಾಕಬಹುದಿತ್ತು ಮಾರಾಯ್ರೇ, ಆದರೆ ಅವನ ಒಂದು ಫೋಟೋ ಕೂಡ ಸಿಗಲಿಲ್ಲ” ಎಂದರು.

ಎಲ್ಲಿಂದ ಸಿಗಬೇಕು? ಫೋಟೋ ತೆಗೆಯುವ ಹೊತ್ತಿಗೆ ಅವನು ಸ್ಟಂಪುಗಳನ್ನು ಕಿತ್ತು ಗೋಣಿಗೆ ತುಂಬಿಸುತ್ತಿದ್ದ.