ಅನುಮತಿಯ ಪ್ರಶ್ನೆ ಇರಲೇಬೇಕು
ಜಾಲತಾಣದ ಕೊಂಡಿ ಒತ್ತಿದಾಗ ‘ಈ ಆ್ಯಪ್ ತೆರೆಯಬಹುದೇ?’ ಎಂದು ಬ್ರೌಸರ್ ಕೇಳುವುದು ಅನಗತ್ಯ ಅಡ್ಡಿ ಎಂದು, ಕೊಂಡಿಗಳಿಂದ ಆ್ಯಪ್ ತೆರೆಯುವ ಬಗೆಗಿನ ಲೇಖನದಲ್ಲಿ ಅದರ ಲೇಖಕರು ಹೇಳಿರುವ ಮಾತನ್ನು ನಾನು ಒಪ್ಪಲಾರೆ. ಈ ಪ್ರಶ್ನೆಯನ್ನು ತಪ್ಪಿಸಲೆಂದೇ ವಿಡಿಯೊ ಸಭೆಗಳ ಆ್ಯಪ್ ನೀಡುವ ಜೂಮ್ ಸಂಸ್ಥೆಯು ಆಪಲ್‌ನ ಮ್ಯಾಕ್ ಕಂಪ್ಯೂಟರುಗಳಲ್ಲಿ ಬಳಕೆದಾರರಿಗೆ ತಿಳಿಯದಂತೆ ಒಂದು ಸಣ್ಣ ವೆಬ್ ಸರ್ವರ್ (ಜಾಲತಾಣಗಳ ಕೋರಿಕೆಗೆ ಹಿನ್ನೆಲೆಯಲ್ಲೇ ಉತ್ತರಿಸುವ ತಂತ್ರಾಂಶ) ಇರಿಸಿತ್ತು. ಅದರ ಮೂಲಕ ಯಾವುದೇ ಜಾಲತಾಣವು ನಮ್ಮನ್ನು ಕೇಳದೆ, ಕ್ಯಾಮೆರಾ ಚಾಲೂ ಇರುವಂತೆಯೇ ಸಭೆಗೆ ಎಳೆದುಕೊಳ್ಳಬಹುದೆಂಬುದು 2019ರಲ್ಲಿ ಬಯಲಾದಾಗ, ಆಪಲ್ ಸಂಸ್ಥೆಯೇ ಅಪ್‌ಡೇಟ್ ಕಳುಹಿಸಿ ಅದನ್ನು ತೆಗೆದುಹಾಕಬೇಕಾಯಿತು. ವಿಜಯಪುರದಲ್ಲಿ ಕಂಪ್ಯೂಟರ್ ತರಬೇತಿ ನೀಡುವ ನನಗೆ ಕಾಣುವ ನಿಜವಾದ ತೊಂದರೆಯೇ ಬೇರೆ. ಆ್ಯಪ್ ಅಳಿಸಿದ ಮೇಲೂ ಅದರ ಪ್ರೋಟೊಕಾಲ್ ನಮೂದು (ಯಾವ ಬಗೆಯ ಕೊಂಡಿಯನ್ನು ಆ ಆ್ಯಪ್ ತೆರೆಯಬೇಕೆಂಬ ದಾಖಲೆ) ವಿಂಡೋಸ್‌ನ ಸೆಟ್ಟಿಂಗ್‌ಗಳ ಕಡತವಾದ ರಿಜಿಸ್ಟ್ರಿಯಲ್ಲಿ ಕೆಲವೊಮ್ಮೆ ಹಾಗೆಯೇ ಉಳಿದು, ಕೊಂಡಿ ಒತ್ತಿದರೂ ಏನೂ ತೆರೆಯದೆ ವಿದ್ಯಾರ್ಥಿಗಳು ಕಂಗಾಲಾಗುತ್ತಾರೆ. ವಿಂಡೋಸ್ ಸೆಟ್ಟಿಂಗ್ಸ್‌ನ ‘ಡೀಫಾಲ್ಟ್ ಆ್ಯಪ್ಸ್’ ವಿಭಾಗದಲ್ಲಿ ಯಾವ ಕೊಂಡಿಗೆ ಯಾವ ಆ್ಯಪ್ ಎಂದು ಗೊತ್ತುಪಡಿಸುವ ಬಗೆಯನ್ನು ಲೇಖಕರು ದಯವಿಟ್ಟು ವಿವರಿಸಬೇಕು.