ಕೆಟಲ್ ಕಾಯುವಷ್ಟು ಹೊತ್ತು

ಭಾನುವಾರ ರಾತ್ರಿ ಹಾಲು ಉಕ್ಕಿತು. ತಪ್ಪು ನನ್ನದಲ್ಲ, ಇನ್‌ಸ್ಪೆಕ್ಟರ್ ಹಾರ್ಡಿಯದು. ಟೀಗೆ ಅಂತ ಹಾಲಿಟ್ಟು, ಅಡುಗೆಮನೆ ಬಾಗಿಲಿಂದಲೇ ಟಿವಿ ಇಣುಕುತ್ತಿದ್ದೆ. ಆತ ಕಡಲ ದಂಡೆಯಲ್ಲಿ ಸುಮ್ನೆ ನಿಂತಿದ್ದ. ಈಗ ಏನಾದರೂ ಮಾಡಿಯಾನು ಅಂತ ನಾನೂ ನಿಂತೆ. ಆತ ಮಾಡಲಿಲ್ಲ, ಹಾಲು ಮಾಡಿತು.

ಒಲೆ ಒರೆಸುತ್ತಿದ್ದಾಗ ಹೆಂಡತಿ, "ಅಂಥಾದ್ದು ಏನಾಯ್ತಂತೆ?" ಅಂದಳು. ಏನೂ ಆಗಿರಲಿಲ್ಲ. ಅದನ್ನು ಅವಳಿಗೆ ಹೇಗೆ ಹೇಳುವುದು?

'ಬ್ರಾಡ್‌ಚರ್ಚ್' 2013ರ ಇಂಗ್ಲಿಷ್ ಧಾರಾವಾಹಿ. ಮೊದಲ ಸೀಸನ್ನಿಗೆ ಎಂಟು ಕಂತು, ಎಂಟಕ್ಕೂ ಸೇರಿ ಒಂದೇ ಕೊಲೆ. ಡಾರ್ಸೆಟ್‌ನ ವೆಸ್ಟ್ ಬೇ ದಂಡೆಯಲ್ಲಿ ಗೋಡೆಯ ಹಾಗೆ ನೆಟ್ಟಗೆ ನಿಂತ ಹಳದಿ ಬಂಡೆ, ಅದರ ಬುಡದಲ್ಲಿ ಒಬ್ಬ ಹುಡುಗನ ಶವ. ಹಾರ್ಡಿಯ ಜೊತೆ ಎಲೀ ಮಿಲ್ಲರ್ ಅನ್ನುವ ಅಧಿಕಾರಿ. ಪಾಪ, ಅವಳು ಫ್ಲಾರಿಡಾಕ್ಕೆ ರಜೆಗೆ ಹೋಗಿ ಬರುವಷ್ಟರಲ್ಲಿ ಅವಳಿಗೆ ಸಿಗಬೇಕಿದ್ದ ಹುದ್ದೆ ಇವನಿಗೆ ಸಿಕ್ಕಿರುತ್ತದೆ. ಆ ಸಿಟ್ಟನ್ನೂ ಅವಳು ಕಂತುಗಟ್ಟಲೆ ನಿಧಾನವಾಗಿಯೇ ಮಾಡುತ್ತಾಳೆ.

ಕಳೆದ ವಾರ ಅಕ್ಕನ ಮಗ ಬಂದಿದ್ದ. ಹತ್ತು ನಿಮಿಷ ನೋಡಿ, "ಮಾವ, ಇದನ್ನ ಒಂದೂವರೆ ಸ್ಪೀಡಲ್ಲಿ ಹಾಕ್ಲಾ?" ಅಂದ. ನಾನು ಬೇಡ ಅನ್ನುವಷ್ಟರಲ್ಲಿ ಹಾಕಿಯೇಬಿಟ್ಟ. ಹಾರ್ಡಿ ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಸಾರು ಬಡಿಸುವವನ ಹಾಗೆ ದಂಡೆ ತುಂಬ ಓಡಾಡಿದ. ಮಗನನ್ನು ಕಳೆದುಕೊಂಡ ತಾಯಿ ತರಕಾರಿಯವನ ಹತ್ತಿರ ಚೌಕಾಸಿ ಮಾಡುವವಳ ಹಾಗೆ ಕೇಳಿಸಿದಳು. ರಿಮೋಟ್ ಕಿತ್ತುಕೊಂಡೆ. ಈ ಹುಡುಗರು ಊಟವನ್ನೂ ಹೀಗೇ ಮಾಡುತ್ತಾರೆ. ಹಪ್ಪಳ ಬರುವ ಮೊದಲೇ ಕೈ ತೊಳೆದಿರುತ್ತಾರೆ.

ನಿಧಾನದಲ್ಲಿ ಏನೋ ಇದೆ, ಅದೇನು ಅಂತ ಹೇಳೋಣ ಅಂತಲೇ ಕೂತೆ. ಆದರೆ ಅದಕ್ಕೆ ಮೊದಲು ಕೆಟಲ್ ವಿಷಯ ಹೇಳಬೇಕು.

ಇಂಗ್ಲಿಷರ ಪತ್ತೇದಾರಿ ಕಥೆಗಳಲ್ಲಿ ಸಾವಿನ ಸುದ್ದಿ ಬಂದ ಮನೆಗೆ ಅದರ ಹಿಂದೆಯೇ ಟೀ ಬರುತ್ತದೆ. ಅಂಥ ಮನೆಯವರ ಜೊತೆಗಿರಲು ಅಲ್ಲಿ ಪೊಲೀಸರೇ ಒಬ್ಬರನ್ನು ನೇಮಿಸುತ್ತಾರೆ, ಫ್ಯಾಮಿಲಿ ಲಿಯೇಸನ್ ಆಫೀಸರ್ ಅಂತ. ಆತನ ಕೆಲಸ ಬೇರೆ ಏನೇನೋ ಇದೆಯಂತೆ. ನನ್ನ ಕಣ್ಣಿಗೆ ಬಿದ್ದದ್ದು ಟೀ ಮಾಡುವುದು ಮಾತ್ರ. ಕೆಟಲ್‌ಗೆ ನೀರು ತುಂಬಿ ಸ್ವಿಚ್ ಒತ್ತುತ್ತಾರೆ. ಆಮೇಲೆ ಕಿಟಕಿಯಾಚೆ ನೋಡುತ್ತಾ ನಿಲ್ಲುತ್ತಾರೆ. ಕ್ಯಾಮೆರಾವೂ ನಿಲ್ಲುತ್ತದೆ. ನೀರು ಕುದಿದ ಮೇಲೆ 'ಟಕ್' ಅಂತ ಕೆಟಲ್ ತಾನೇ ಆರುತ್ತದೆ.

ಈ ಕೆಟಲ್ ಸಾಮಾನ್ಯದ್ದಲ್ಲ. ಸುಮಾರು ಮೂರು ಕಿಲೋವಾಟ್ ಎಳೆಯುತ್ತದೆ. ಟಿವಿಯಲ್ಲಿ ಜನಪ್ರಿಯ ಕಾರ್ಯಕ್ರಮ ಮುಗಿಯಿತು ಅಂದರೆ ದೇಶವೇ ಎದ್ದು ಹೋಗಿ ಒಟ್ಟಿಗೆ ಸ್ವಿಚ್ ಒತ್ತುತ್ತದೆ. 1990ರ ಜುಲೈ 4ರಂದು ವಿಶ್ವಕಪ್ ಫುಟ್‌ಬಾಲ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡು ಪಶ್ಚಿಮ ಜರ್ಮನಿಗೆ ಪೆನಾಲ್ಟಿಯಲ್ಲಿ ಸೋತಿತು. ಆಟ ಮುಗಿದದ್ದೇ ವಿದ್ಯುತ್ ಬೇಡಿಕೆ ಒಮ್ಮೆಲೇ 2,800 ಮೆಗಾವಾಟ್ ಏರಿತು. ನಮ್ಮ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಲೆಕ್ಕ ಹಾಕಿ, ಎರಡೂವರೆ ಶರಾವತಿಗಿಂತ ಜಾಸ್ತಿ! ಇಂಥ ದಿಢೀರ್ ಬೇಡಿಕೆ ಬಂದಾಗ ವೇಲ್ಸ್‌ನಲ್ಲಿ ಬೆಟ್ಟದ ಹೊಟ್ಟೆಯೊಳಗೆ ಕಟ್ಟಿರುವ ಡಿನೊರ್ವಿಗ್ ವಿದ್ಯುದಾಗಾರ ನೆರವಿಗೆ ಬರುತ್ತದೆ. 1984ರಲ್ಲಿ ಶುರುವಾದದ್ದು. ಮೇಲಿನ ಕೆರೆಯ ನೀರನ್ನು ಕೆಳಗೆ ಬಿಟ್ಟು, ಕೆಲವೇ ಸೆಕೆಂಡುಗಳಲ್ಲಿ ಕರೆಂಟ್ ಕೊಡುತ್ತದೆ. ಜನ ಮಲಗಿದ ಮೇಲೆ ಅದೇ ನೀರನ್ನು ಮತ್ತೆ ಮೇಲಕ್ಕೆ ಪಂಪ್ ಮಾಡುತ್ತಾರೆ. ನಮ್ಮ ಬೀದಿಯಲ್ಲಿ ಎರಡು ಮನೆಯವರು ಒಟ್ಟಿಗೆ ಗೀಸರ್ ಹಾಕಿದರೆ ಫ್ಯೂಸ್ ಹೋಗುತ್ತದೆ. ಸರಿಮಾಡುವವರು ಬರುವಷ್ಟರಲ್ಲಿ ಮಧ್ಯಾಹ್ನ.

ನಮ್ಮಲ್ಲಿ ಇಂಥ ನಿಧಾನದ ಪತ್ತೇದಾರಿ ಕಥೆ ಯಾಕೆ ಬರುವುದಿಲ್ಲ ಅಂದರೆ, ನಮ್ಮ ಟೀಗೆ ಹಾಲು ಕಾಯಿಸಬೇಕು. ಹಾಲಿಟ್ಟವರು ಕಿಟಕಿಯಾಚೆ ನೋಡುವ ಹಾಗಿಲ್ಲ. ನಮ್ಮ ಇನ್‌ಸ್ಪೆಕ್ಟರ್ ಏನಾದರೂ ಯೋಚಿಸುತ್ತಾ ನಿಂತರೆ, ಒಳಗಿಂದ ಯಾರಾದರೂ "ರೀ, ಉಕ್ತು!" ಅಂತ ಕೂಗುತ್ತಾರೆ.

ನಿಧಾನದ ವಿಷಯ ಹೇಳುತ್ತಿದ್ದೆ, ಅಲ್ವಾ? ಇರಲಿ.

ನಿನ್ನೆ ಆರನೇ ಕಂತಿನ ನಡುವೆ ಹೆಂಡತಿ ಕೊತ್ತಂಬರಿ ಸೊಪ್ಪಿನ ಕಟ್ಟು, ತಟ್ಟೆ ಹಿಡಿದು ಪಕ್ಕದಲ್ಲಿ ಬಂದು ಕೂತಳು. ಸ್ವಲ್ಪ ಹೊತ್ತು ಸೊಪ್ಪು ಬಿಡಿಸಿದಳು. ಕೊಂದವರು ಯಾರು ಅಂತ ಕೇಳುತ್ತಾಳೆ ಅಂದುಕೊಂಡು, ಗೊತ್ತಿಲ್ಲದ ಉತ್ತರವನ್ನು ಸಿದ್ಧ ಮಾಡಿಕೊಳ್ಳುತ್ತಿದ್ದೆ.

"ಆ ತಾಯಿ ಟೀ ಕುಡಿದಳಾ?" ಅಂದಳು.

"ಇಲ್ಲ. ಹಾಗೇ ಇಟ್ಟಿದ್ದಾಳೆ."

"ಆರಿಹೋಗಿರುತ್ತೆ," ಅಂದು ಇನ್ನೊಂದು ಕಡ್ಡಿ ಎತ್ತಿಕೊಂಡಳು.