ನಿದ್ದೆಯಿಂದ ಎಬ್ಬಿಸಿ ನಿದ್ದೆಯ ಪಾಠ

ಕಳೆದ ಬಾರಿ ಮುಂಬೈ ಆಚೆಯ ಕಡಲಿನ ಎಣ್ಣೆ ನಿಕ್ಷೇಪವಾದ ಮುಂಬೈ ಹೈನಲ್ಲಿ, ಬಾವಿ ಕೊರೆಯುವ ರಿಗ್ಗೊಂದರಲ್ಲಿ, ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ದುಡಿದು ಮಲಗಿದ್ದ ನನ್ನನ್ನು ಮಧ್ಯಾಹ್ನ ಒಂದೂವರೆಗೆ ಬಾಗಿಲು ಬಡಿದು ಎಬ್ಬಿಸಿ, ಊಟದ ಕೋಣೆಗೆ ಕರೆದೊಯ್ದು ಕೂರಿಸಿ, ನಿದ್ದೆಗೇಡಿನಿಂದ ಕೆಲಸದಲ್ಲಿ ಆಗುವ ಅಪಾಯಗಳ ಬಗ್ಗೆ ಒಂದು ಗಂಟೆ ಉಪನ್ಯಾಸ ಕೊಟ್ಟರು. ಇದು ನಗಿಸಲು ಕಟ್ಟಿದ ಕಥೆಯಲ್ಲ. ಹಾಜರಾತಿ ಹಾಳೆಯಲ್ಲಿ ನನ್ನ ಸಹಿ ಇದೆ, ತೂಕಡಿಸುತ್ತ ಹಾಕಿದ್ದರಿಂದ ಅದು ಭೂಕಂಪ ಮಾಪಕದ ಗೆರೆಯಂತಿದೆ ಅಷ್ಟೆ. ಉಪನ್ಯಾಸಕರು ಹಗಲು ಪಾಳಿಯವರು. ರಾತ್ರಿಯಿಡೀ ಸುಖವಾಗಿ ಮಲಗೆದ್ದು, ಸ್ನಾನ ಮಾಡಿ, ಎರಡು ಆಮ್ಲೆಟ್ ತಿಂದು ಬಂದಿದ್ದ ಆ ಮಹಾನುಭಾವರು, ‘ಏಳೆಂಟು ಗಂಟೆಗಳ ಅಖಂಡ ನಿದ್ದೆ ಅತ್ಯಗತ್ಯ’ ಎಂಬ ಸಾಲನ್ನು ಪರದೆಯ ಮೇಲೆ ಮೂಡಿಸಿ, ನಮ್ಮ ಕೆಂಪು ಕಣ್ಣುಗಳನ್ನು ನೋಡಿ, ‘ಪ್ರಶ್ನೆಗಳಿವೆಯೇ?’ ಎಂದು ಕೇಳಿದರು. ಇದ್ದ ಒಂದೇ ಪ್ರಶ್ನೆಯನ್ನು ಸಭೆಯಲ್ಲಿ ಕೇಳುವಂತಿರಲಿಲ್ಲ.

ನಾನು ಮಡ್ ಲಾಗರ್. ಬಾವಿ ಕೊರೆಯುವಾಗ ಒಳಕ್ಕೆ ಹರಿಸುವ ಕೆಸರಿನಂಥ ದ್ರವಕ್ಕೆ ಮಡ್ ಎನ್ನುತ್ತಾರೆ. ಆ ಮಡ್‌ನೊಂದಿಗೆ ಮೇಲೆ ಬರುವ ಕಲ್ಲಿನ ಚೂರುಗಳನ್ನು ಶೇಕರ್‌ನ ಜರಡಿಯಿಂದ ಎತ್ತಿ, ತೊಳೆದು, ಸೂಕ್ಷ್ಮದರ್ಶಕದಡಿ ಇಟ್ಟು ಯಾವ ಶಿಲೆಯೆಂದು ಬರೆದಿಡುವುದು, ಜೊತೆಗೆ ಆ ಮಡ್‌ನಲ್ಲಿ ಅನಿಲ ಎಷ್ಟು ಬರುತ್ತಿದೆ ಎಂಬುದರ ಮೇಲೆ ಕಣ್ಣಿಟ್ಟಿರುವುದು ನನ್ನ ಉದ್ಯೋಗ. ಐದು ಮೀಟರಿಗೊಂದು ಮಾದರಿ ಎಂದರೆ, ಗಂಟೆಗೆ ಮೂವತ್ತು ಮೀಟರ್ ಕೊರೆಯುವ ರಾತ್ರಿ ಹತ್ತು ನಿಮಿಷಕ್ಕೊಮ್ಮೆ ಎದ್ದು ಓಡಬೇಕು. ಅನಿಲದ ಗೆರೆ ಏರಿದ್ದನ್ನೋ ಮಡ್ ತೊಟ್ಟಿಯ ಮಟ್ಟ ಹೆಚ್ಚಿದ್ದನ್ನೋ ಗಮನಿಸದೆ ನಾನು ತೂಕಡಿಸಿದರೆ, ಬಾವಿ ಉಕ್ಕುವ ಮೊದಲ ಸೂಚನೆಯೇ ತಪ್ಪಿಹೋಗಬಹುದು. ಆದ್ದರಿಂದ ನನ್ನ ನಿದ್ದೆ ನನ್ನೊಬ್ಬನ ಐಷಾರಾಮವಲ್ಲವೆಂದು ಆ ಉಪನ್ಯಾಸಕರಿಗಿಂತ ಚೆನ್ನಾಗಿ ನನಗೆ ಗೊತ್ತು.

ಆದರೆ ಮಲಗುವುದೆಲ್ಲಿ? ರಿಗ್ಗಿನ ಸ್ವಂತ ಸಿಬ್ಬಂದಿಗೆ ಕೋಣೆ ಹಂಚಿ ಉಳಿದದ್ದು ನಮ್ಮಂಥ ಗುತ್ತಿಗೆಯವರ ಪಾಲು. ನಾಲ್ಕು ಜನರ ಕೋಣೆಯಲ್ಲಿ, ರೈಲಿನ ಬರ್ತಿನಂತೆ ಒಂದರ ಮೇಲೊಂದು ಹಾಸಿಗೆ. ಇಬ್ಬರು ಹಗಲಿನವರು, ಇಬ್ಬರು ಇರುಳಿನವರು. ಕೈಗವಸು ಮರೆತೆ, ಔಷಧಿ ಮರೆತೆ, ಚಾರ್ಜರ್ ಮರೆತೆ ಎಂದು ಹಗಲಿನವರು ಗಂಟೆಗೊಮ್ಮೆ ಬಂದು ದೀಪ ಹಾಕುತ್ತಾರೆ. ಹೆಲಿಕಾಪ್ಟರ್ ಇಳಿಯುವ ಅಟ್ಟ ಇರುವುದು ವಸತಿಯ ನೆತ್ತಿಯ ಮೇಲೆಯೇ. ಸುತ್ತ ಉಪ್ಪು ನೀರಾದ್ದರಿಂದ ಕಬ್ಬಿಣ ಸದಾ ತುಕ್ಕು ಹಿಡಿಯುತ್ತದೆ, ಬಣ್ಣ ಬಳಿಯುವವರು ಅದನ್ನು ಯಂತ್ರದಿಂದ ಕೆರೆದು ತೆಗೆಯುತ್ತಲೇ ಇರುತ್ತಾರೆ. ಇಡೀ ರಿಗ್ಗಿನಲ್ಲಿ ತುಕ್ಕಿಗೇನೂ ಬರವಿಲ್ಲದಿದ್ದರೂ, ಬೆಳಿಗ್ಗೆ ಹತ್ತಕ್ಕೆ ಅವರಿಗೆ ಕಾಣುವ ತುಕ್ಕು ಮಾತ್ರ ನನ್ನ ತಲೆದಿಂಬಿನ ಹಿಂದಿನ ಗೋಡೆಯದೇ. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದ ಹಿರಿಯರು ಸಂತೆಯನ್ನು ಕಂಡಿದ್ದರು, ಅದರ ಸೂರಿನ ಮೇಲೆ ಹೆಲಿಕಾಪ್ಟರ್ ಇಳಿಯುವುದನ್ನು ಕಂಡಿರಲಿಲ್ಲ. 1974ರಲ್ಲಿ ಸಾಗರ್ ಸಾಮ್ರಾಟ್ ಎಂಬ ರಿಗ್ಗು ಈ ಕಡಲಲ್ಲಿ ಎಣ್ಣೆ ಕಂಡ ಮೇಲೆ ಅರ್ಧ ಶತಮಾನ ಕಳೆದಿದೆ, ಭೂಗರ್ಭದಲ್ಲಿ ಬಾವಿಯನ್ನು ಅಡ್ಡಡ್ಡ ತಿರುಗಿಸಿ ಕೊರೆಯುವುದನ್ನೂ ಜನ ಕಲಿತಿದ್ದಾರೆ, ಬಾಗಿಲನ್ನು ಸದ್ದಿಲ್ಲದೆ ಮುಚ್ಚುವ ವಿದ್ಯೆ ಮಾತ್ರ ಇನ್ನೂ ಯಾರಿಗೂ ಒಲಿದಿಲ್ಲ.

ನಿದ್ದೆ ಕೆಡಿಸಿದರೂ, ಅಪಾಯದ ಗಂಟೆ ಬಾರಿಸುವುದರ ಬಗ್ಗೆ ನಾನು ದೂರುತ್ತಿಲ್ಲ. 1988ರ ಜುಲೈ 6ರ ರಾತ್ರಿ ಉತ್ತರ ಸಮುದ್ರದ ಪೈಪರ್ ಆಲ್ಫಾ ಎಂಬ ಎಣ್ಣೆ ವೇದಿಕೆ ಹೊತ್ತಿ ಉರಿದು 167 ಜನ ಸತ್ತರು. ಹಗಲಿನವರು ದುರಸ್ತಿಗೆಂದು ಪಂಪೊಂದರ ಸೇಫ್ಟಿ ವಾಲ್ವ್ ಬಿಚ್ಚಿಟ್ಟಿದ್ದ ಸಂಗತಿ ರಾತ್ರಿಯವರಿಗೆ ತಲುಪದೆ, ಅವರು ಆ ಪಂಪನ್ನೇ ಚಾಲೂ ಮಾಡಿದ್ದರು. ಸತ್ತವರಲ್ಲಿ ಬಹಳ ಮಂದಿ ವಸತಿಯಲ್ಲೇ ಸಿಕ್ಕಿಬಿದ್ದವರು. ಹಾಗಾಗಿ ಗಂಟೆ ಬಾರಿಸಿದೊಡನೆ ಲೈಫ್ ಜಾಕೆಟ್ ಹಿಡಿದು ದೋಣಿಯ ಬಳಿಗೆ ಓಡಲು ನಾನು ಸದಾ ಸಿದ್ಧ. ನನ್ನ ಸಿಟ್ಟು ಇರುವುದು ಹಾಗೆ ಓಡುವ ಅಭ್ಯಾಸಕ್ಕೆಂದು ನಡೆಸುವ ಅಣಕು ಕಸರತ್ತನ್ನು ಪ್ರತಿ ವಾರವೂ ಹಗಲಿನವರ ಅನುಕೂಲಕ್ಕೇ ಹೊಂದಿಸುವ ಕ್ರಮದ ಮೇಲೆ. ಸರದಿಯಂತೆ ಒಂದು ವಾರ ನಡುರಾತ್ರಿ ಎರಡಕ್ಕೆ ಇಟ್ಟುಕೊಳ್ಳೋಣ ಎಂದು ನಾನು ಲಿಖಿತವಾಗಿಯೇ ಸೂಚಿಸಿದ್ದೆ. ‘ಎಲ್ಲರಿಗೂ ತೊಂದರೆಯಾಗುತ್ತದೆ’ ಎಂಬ ಉತ್ತರ ಬಂತು. ಆ ‘ಎಲ್ಲರಲ್ಲಿ’ ನಾನು ಸೇರಿಲ್ಲವೆಂದು ಅಂದೇ ತಿಳಿಯಿತು.

ಕಡಲು ಬದಲಿಸಿದರೆ ನಿದ್ದೆ ಬಂದೀತೆಂದು ಅದನ್ನೂ ಮಾಡಿ ನೋಡಿದೆ. ಅಬುಧಾಬಿಯ ಕಡಲಲ್ಲಿ ಕೆಳಗಿನ ಹಾಸಿಗೆಯ ಈಜಿಪ್ಟಿನ ಸಜ್ಜನರು ಏಳಬೇಕಾದ ಹೊತ್ತಿಗಿಂತ ಒಂದು ಗಂಟೆ ಮುಂಚಿನಿಂದ ಹತ್ತು ನಿಮಿಷಕ್ಕೊಂದರಂತೆ ಆರು ಅಲಾರಂ ಇಡುತ್ತಿದ್ದರು. ಆರಕ್ಕೂ ಎದ್ದು ಕೂರುತ್ತಿದ್ದವನು ನಾನು. ಏಳನೆಯದಾಗಿ ಅವರನ್ನು ನಾನೇ ಎಬ್ಬಿಸುತ್ತಿದ್ದೆ, ಅವರು ದೇವರು ಒಳ್ಳೆಯದು ಮಾಡಲೆಂದು ಹರಸಿ ಹೋಗುತ್ತಿದ್ದರು. ಅಂಥವರ ಮೇಲೆ ಕೋಪಿಸಿಕೊಳ್ಳುವುದಾದರೂ ಹೇಗೆ? ಸ್ಕಾಟ್ಲೆಂಡಿನ ಅಬರ್ಡೀನಿನಿಂದ ಹಾರಿ ಸೇರಿದ ಉತ್ತರ ಸಮುದ್ರದ ರಿಗ್ಗು ತೇಲುವ ಜಾತಿಯದು. ಮುಂಬೈ ಹೈನಲ್ಲಿ ನಾನಿದ್ದ ರಿಗ್ಗಿನ ಕಾಲುಗಳು ಕಡಲ ತಳಕ್ಕೆ ಊರಿರುತ್ತವೆ, ಅಲುಗಾಟ ಅಷ್ಟಿಲ್ಲ. ಇದಾದರೋ ಅಲೆ ಎದ್ದಾಗಲೆಲ್ಲ ತೊಟ್ಟಿಲಿನಂತೆ ತೂಗುತ್ತಿತ್ತು. ತೊಟ್ಟಿಲೆಂದರೆ ನಿದ್ದೆ ಬರಬೇಕಲ್ಲವೇ ಎನ್ನಬೇಡಿ, ಮಗುವನ್ನು ತೂಗುವ ತಾಯಿ ತೊಟ್ಟಿಲನ್ನು ಗೋಡೆಗೆ ಅಪ್ಪಳಿಸುವುದಿಲ್ಲ. ಜೂನ್ ತಿಂಗಳಾದ್ದರಿಂದ ಹತ್ತು ಗಂಟೆಯಾದರೂ ಅಲ್ಲಿ ಸೂರ್ಯ ಮುಳುಗುತ್ತಿರಲಿಲ್ಲ, ಮುಳುಗಿದವನು ನಾಲ್ಕರ ಹೊತ್ತಿಗೆ ಮತ್ತೆ ಹಾಜರು. ರಾತ್ರಿ ಪಾಳಿಗೆಂದು ಹೋದವನಿಗೆ ರಾತ್ರಿಯೇ ಸಿಗಲಿಲ್ಲ.

ಇನ್ನು ಮನೆಗೆ ಬಂದರೆ ಅದು ಬೇರೆಯೇ ರಾಮಾಯಣ. ಇಪ್ಪತ್ತೆಂಟು ರಾತ್ರಿ ಎಚ್ಚರವಿದ್ದ ದೇಹಕ್ಕೆ ದಾವಣಗೆರೆಯ ರಾತ್ರಿಯೂ ಹಗಲಿನಂತೆಯೇ ಕಾಣುತ್ತದೆ. ಮೊದಲ ವಾರವೆಲ್ಲ ನಾನು ನಡುರಾತ್ರಿ ಅಂಗಳದಲ್ಲಿ ಅಡ್ಡಾಡುತ್ತೇನೆ, ಮಧ್ಯಾಹ್ನ ಬಾಗಿಲು ಹಾಕಿಕೊಂಡು ಬಿದ್ದಿರುತ್ತೇನೆ, ಸಂಜೆ ಕಣ್ಣು ಕೆಂಪಗೆ ಮಾಡಿಕೊಂಡು ತೂರಾಡುತ್ತ ಹಾಲು ತರಲು ಹೋಗುತ್ತೇನೆ. ಇಂಥ ಹೊತ್ತಿನಲ್ಲಿ ನಮ್ಮ ಸೋದರಮಾವ, ಹೆಣ್ಣಿನ ಕಡೆಯವರು ವಿಚಾರಿಸಿದಾಗ, ‘ಹುಡುಗ ಎಣ್ಣೆ ವಿಷಯದಲ್ಲೇ ಹತ್ತು ವರ್ಷದಿಂದ ಇದ್ದಾನೆ’ ಎಂದು ಹೆಮ್ಮೆಯಿಂದ ಹೇಳಿಬಿಟ್ಟರು. ರಿಗ್ಗಿನಲ್ಲಿ ಆ ಇನ್ನೊಂದು ಎಣ್ಣೆಯ ಒಂದು ಹನಿ ಸಿಕ್ಕರೂ ಮುಂದಿನ ಹೆಲಿಕಾಪ್ಟರಿನಲ್ಲೇ ಕೆಲಸ ಕಳೆದುಕೊಂಡು ವಾಪಸಾಗಬೇಕೆಂದು ಅವರಿಗೆ ವಿವರಿಸುವಷ್ಟರಲ್ಲಿ ಅವರು ಕಾಫಿ ಲೋಟ ಕೆಳಗಿಟ್ಟಾಗಿತ್ತು.

ಬುಧವಾರ ಮತ್ತೆ ಹೊರಡಬೇಕು. ಹೆಲಿಕಾಪ್ಟರ್ ಹೊರಡುವ ಮುಂಬೈನ ಜುಹುವಿನಲ್ಲಿ ಬೆಳಿಗ್ಗೆ ಐದಕ್ಕೆ ಹಾಜರಿರಬೇಕಂತೆ, ಅಂದರೆ ಹಿಂದಿನ ರಾತ್ರಿಯ ನಿದ್ದೆ ಹೋಯಿತು. ಮೋಡ ಕವಿದಿದ್ದರೆ ಹೆಲಿಕಾಪ್ಟರ್ ಮಧ್ಯಾಹ್ನದವರೆಗೂ ಏಳುವುದಿಲ್ಲ, ಅಲ್ಲಿಯವರೆಗೆ ಪ್ಲಾಸ್ಟಿಕ್ ಕುರ್ಚಿಯೇ ಗತಿ. ಇಳಿದ ತಕ್ಷಣ ಸುರಕ್ಷತೆಯ ಪರಿಚಯ ತರಗತಿ, ಅದರ ಬೆನ್ನಿಗೇ ಅದೇ ಸಂಜೆ ಆರರಿಂದ ನನ್ನ ಪಾಳಿ. ವಾರದ ಕಾರ್ಯಕ್ರಮ ಪಟ್ಟಿಯನ್ನು ನಿನ್ನೆ ಕಳಿಸಿದ್ದಾರೆ. ಗುರುವಾರ ಮಧ್ಯಾಹ್ನ ಒಂದೂವರೆಗೆ ನಿದ್ದೆಗೇಡಿನ ಉಪನ್ಯಾಸದ ಎರಡನೆಯ ಭಾಗ.